ನಿಂತುಹೋದ ಹಸಿರು ಚುಕ್ಕೆ

“ಡ್ರೈವರ್ ಇಲ್ಲ ಸಾರ್. ಬೂಟ್ ಆಗೋ ಹೊತ್ತಿಗೇ ನಾಪತ್ತೆ. ಹಳೇದನ್ನ ಕಿತ್ತು ಬಿಸಾಕಿ ಹೊಸದನ್ನ ಹಾಕ್ತೀನಿ. ಹತ್ತು ನಿಮಿಷ ಕೊಡಿ.”

ಆಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರಿನಲ್ಲಿ ನಿಂತು ಅವಳು ಫೋನಿನಲ್ಲಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ, ಎದುರಿನ ಬೆಂಚಿನ ಮೇಲೆ ಕೂತಿದ್ದವನೊಬ್ಬ ಧಡಕ್ಕನೆ ಎದ್ದು ನಿಂತ. ಕೈಯಲ್ಲಿದ್ದ ಟೀ ಅರ್ಧ ಅಂಗಿಯ ಮೇಲೆ ಚೆಲ್ಲಿತು.

“ಮೇಡಂ, ನಾನು ಇಲ್ಲೇ ಇದೀನಿ. ಟೀಗೆ ಅಂತ ಐದೇ ನಿಮಿಷ ಬಂದೆ. ಗಾಡಿ ಗೇಟಲ್ಲಿದೆ, ಕೀ ಕೈಯಲ್ಲಿದೆ.” ಕೀಗೊಂಚಲನ್ನು ಎತ್ತಿ ಆಡಿಸಿಯೂ ತೋರಿಸಿದ. “ಇಷ್ಟಕ್ಕೆಲ್ಲ ಕಿತ್ತು ಬಿಸಾಕೋದಾ?”

ಅವಳಿಗೆ ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಅವನ ನೀಲಿ ಸಮವಸ್ತ್ರ, ಎದೆಯ ಮೇಲೆ ಆಂಬುಲೆನ್ಸ್ ವಿಭಾಗದ ಬಿಲ್ಲೆ, ಬಿಲ್ಲೆಯಲ್ಲಿ ದೊಡ್ಡದಾಗಿ ಏಳು ಎಂಬ ಅಂಕಿ, ಗಾಬರಿಗೆ ಅಗಲವಾಗಿದ್ದ ಎರಡು ಕಣ್ಣು, ಎಲ್ಲ ಒಟ್ಟಿಗೆ ಕಂಡವು. ನಗು ತಡೆಯಲು ತುಟಿ ಕಚ್ಚಿಕೊಂಡಳು. ತಡೆಯಲಾಗಲಿಲ್ಲ.

“ನಿಮ್ಮನ್ನಲ್ಲ ರೀ. ಕಂಪ್ಯೂಟರ್ ಡ್ರೈವರ್.”

“ಕಂಪ್ಯೂಟರಿಗೂ ಡ್ರೈವರ್ ಬೇಕಾ?”

“ಬೇಕು. ಖಾಲಿ ಕಂಪ್ಯೂಟರ್ ಆನ್ ಮಾಡಿದ್ರೆ ಸರ್ವರಿಂದ ವೈರಲ್ಲಿ ಒಂದು ಪುಟ್ಟ ಸಿಸ್ಟಮ್ ಇಳಿದು ಬರುತ್ತೆ. ಬೂಟ್ ಇಮೇಜ್ ಅಂತೀವಿ. ಅದು ಎದ್ದು ಕೂತು, ಅದೇ ವೈರ್ ಹಿಡ್ಕೊಂಡು ದೊಡ್ಡ ಸಿಸ್ಟಮ್ಮನ್ನ ಎಳ್ಕೊಂಡು ಬರ್ಬೇಕು. ಆದ್ರೆ ಈ ಮೆಷಿನ್ನುಗಳ ನೆಟ್‌ವರ್ಕ್ ಕಾರ್ಡ್ ಹೊಸ ಮಾದರೀದು. ಅದರ ಹತ್ರ ಹೇಗೆ ಮಾತಾಡ್ಬೇಕು ಅಂತ ಆ ಪುಟ್ಟದಕ್ಕೆ ಗೊತ್ತಿಲ್ಲ. ಅದನ್ನ ಹೇಳಿಕೊಡೋ ಫೈಲಿಗೆ ಡ್ರೈವರ್ ಅಂತಾರೆ.”

ಅವನು ಅಂಗಿಯ ಮೇಲಿನ ಟೀ ಒರೆಸಿಕೊಳ್ಳುತ್ತ ಯೋಚಿಸಿದ. “ಅಂದ್ರೆ ಬಾಗಿಲವರೆಗೂ ಬಂದು, ತಟ್ಟೋಕೆ ಗೊತ್ತಿಲ್ಲದೆ ನಿಂತುಬಿಡುತ್ತೆ.”

“ಹಾಗೇ ಅಂದ್ಕೊಳ್ಳಿ.”

“ಪಾಪ,” ಅಂದ. ಯಾರನ್ನು ಕುರಿತು ಅಂದನೋ ತಿಳಿಯಲಿಲ್ಲ. ನೋಡುತ್ತಿದ್ದದ್ದು ಮಾತ್ರ ಅವಳನ್ನೇ.

ಪರಿಚಯವಾದದ್ದು ಹೀಗೆ. ಆ ಮಹಡಿಯಲ್ಲಿ ಅವಳಿಗೆ ಸಿಸ್ಟಮ್ ಮೇಡಂ ಎಂದೇ ಹೆಸರು. ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಸಾಫ್ಟ್‌ವೇರ್ ತುಂಬುವುದು, ಕೆಟ್ಟದ್ದನ್ನು ಮತ್ತೆ ಎಬ್ಬಿಸುವುದು ಅವಳ ಕೆಲಸ. ಅವನಿಗೆ ಅವನ ಗಾಡಿಯ ನಂಬರೇ ಹೆಸರು. ಏಳನೇ ನಂಬರ್.

ಅವಳು ಹುಟ್ಟಾ ಪುಕ್ಕಲು. ಮನೆಯಲ್ಲಿ ಇದ್ದದ್ದು ಅವಳು, ಅವಳಮ್ಮ ಇಬ್ಬರೇ. ಗ್ಯಾಸ್ ಆರಿಸಿದೆಯೇ ಎಂದು ಅಮ್ಮ ಎರಡು ಸಲ ನೋಡಿದರೆ, ಮಗಳು ಮೂರನೇ ಸಲ ನೋಡುತ್ತಿದ್ದಳು. ಬೀಗ ಹಾಕಿ ನಾಲ್ಕು ಮೆಟ್ಟಿಲಿಳಿದು, ಮತ್ತೆ ಹತ್ತಿ ಹೋಗಿ ಬೀಗ ಜಗ್ಗಿ ಬರುತ್ತಿದ್ದಳು. “ಎದೆ ಹೊಡ್ಕೊಳ್ಳೋದು ನಮ್ಮ ಮನೆತನದ ಆಸ್ತಿ ಕಣೇ,” ಎಂದು ಅಮ್ಮ ನಗುತ್ತಿದ್ದರು. ಕೆಲಸದಲ್ಲಿ ಅದೇ ಪುಕ್ಕಲುತನ ಅವಳಿಗೆ ಒಳ್ಳೆಯ ಹೆಸರು ತಂದಿತ್ತು. ಏನು ಮಾಡುವುದಿದ್ದರೂ ಮೊದಲು ಒಂದು ಮೆಷಿನ್ನಿನ ಮೇಲೆ ಮಾಡಿ ನೋಡದೆ ಅವಳು ಎರಡನೆಯದಕ್ಕೆ ಕೈ ಹಾಕಿದವಳಲ್ಲ.

ಡ್ಯೂಟಿ ಬದಲಾಗುವ ಹೊತ್ತಿಗೆ ರಿಜಿಸ್ಟರಿಗೆ ಸಹಿ ಹಾಕಲು ಅವನು ಮೂರನೇ ಮಹಡಿಗೆ ಬರುತ್ತಿದ್ದ. ಸಹಿಗೆ ಅರ್ಧ ನಿಮಿಷ ಸಾಕು. ಅವನಿಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಅವಳ ಬಾಗಿಲಲ್ಲಿ ತಲೆಯಷ್ಟೇ ತೂರಿಸಿ, “ಮೇಡಂ, ಇವತ್ತು ಯಾರನ್ನಾದ್ರೂ ಕಿತ್ತು ಬಿಸಾಕೋದಿದೆಯಾ?” ಎನ್ನುತ್ತಿದ್ದ.

“ಇದೆ. ಬಾಗಿಲಿಗೆ ಅಡ್ಡ ನಿಂತೋರನ್ನ.”

“ಹಾಗಾದ್ರೆ ಒಳಗೇ ಬಂದುಬಿಡ್ತೀನಿ.”

ಅವನು ಒಳಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಅವಳು ಕೀಬೋರ್ಡಿನಿಂದ ಕಣ್ಣೆತ್ತುತ್ತಿರಲಿಲ್ಲ. ಆದರೆ ಕೆನ್ನೆಯ ಒಂದು ಬದಿ ಮಾತ್ರ ಬಿಸಿಯಾಗುತ್ತಿತ್ತು. ಅವನು ಯಾವ ಬದಿಯಲ್ಲಿ ಕೂತಿದ್ದಾನೆಂದು ಕಣ್ಣುಮುಚ್ಚಿಯೂ ಹೇಳಬಹುದಿತ್ತು.

ಅವನು ಹೊರಟ ಮೇಲೆ ಅವಳ ಕಷ್ಟ ಶುರುವಾಗುತ್ತಿತ್ತು. ಅವಳ ಕಿಟಕಿಯಿಂದ ಆಸ್ಪತ್ರೆಯ ಗೇಟು ಕಾಣುತ್ತಿತ್ತು. ಸೈರನ್ ಕೂಗಿದರೆ ಬೆರಳು ತಾವಾಗಿ ನಿಂತುಬಿಡುತ್ತಿದ್ದವು. ಗಾಡಿಯ ಬೆನ್ನಿನ ಮೇಲೆ ಏಳು ಇದೆಯೇ ಎಂದು ನೋಡುತ್ತಿದ್ದಳು. ಇದ್ದರೆ ಅದು ವಾಪಸು ಬರುವವರೆಗೆ ಅವಳ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತಿತ್ತು. ಈ ವಿಷಯ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗಂತೂ ಹೇಳುವ ಹಾಗೇ ಇರಲಿಲ್ಲ, ಹೇಳಿದರೆ ಅವರೂ ಶುರು ಮಾಡುತ್ತಿದ್ದರು.

ಒಂದು ದಿನ ಗೋದಾಮಿನಿಂದ ಹಳೆಯ ಮೆಷಿನ್ನುಗಳನ್ನು ತರಬೇಕಿತ್ತು. ಬೇರೆ ಗಾಡಿಯಿಲ್ಲದೆ ಏಳನೇ ನಂಬರನ್ನೇ ಕಳಿಸಿದರು. ಅವಳು ಮುಂದಿನ ಸೀಟಿನಲ್ಲಿ ಬಾಗಿಲಿಗಂಟಿಕೊಂಡು ಕೂತಳು. ರೋಗಿಯಿಲ್ಲದಾಗ ಅವನು ಎಷ್ಟು ನಿಧಾನ ಓಡಿಸುತ್ತಿದ್ದನೆಂದರೆ ಸೈಕಲ್ಲುಗಳು ಮುಂದೆ ಹೋಗುತ್ತಿದ್ದವು. ಒಳಗಿನ ಕನ್ನಡಿಯಲ್ಲಿ ಅವಳಿಗೆ ಅವನ ಕಣ್ಣಷ್ಟೇ ಕಂಡವು. ಅವು ರಸ್ತೆಯನ್ನು ನೋಡಿ, ಪಕ್ಕದ ಕನ್ನಡಿಯನ್ನು ನೋಡಿ, ಕೊನೆಗೆ ಅವಳ ಮೇಲೆ ಒಂದು ಕ್ಷಣ ನಿಂತು, ತಪ್ಪು ಮಾಡಿದವರ ಹಾಗೆ ಮತ್ತೆ ರಸ್ತೆಗೆ ಹೋದವು.

ಸಿಗ್ನಲಿನಲ್ಲಿ ಗಾಡಿ ನಿಂತಿತು.

“ಹಸಿರು ಬರೋದ್ರೊಳಗೆ ಒಂದು ಮಾತು ಕೇಳ್ಲಾ?”

“ಕೇಳಿ.”

“ನನ್ನ ಮದುವೆ ಆಗ್ತೀರಾ?”

ಹಸಿರು ಬಂತು. ಹಿಂದಿನ ಗಾಡಿಗಳು ಹಾರನ್ ಹಾಕಿದವು. ಅವನು ಕದಲಲಿಲ್ಲ. ಅವಳು ತನ್ನ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

“ನನಗೆ ಭಯ ಆಗುತ್ತೆ,” ಅಂದಳು.

“ನನ್ನ ಕಂಡ್ರಾ?”

“ನೀವು ಹೋಗೋದನ್ನ ಕಂಡ್ರೆ. ದಿನಾ ಹೋಗ್ತೀರಿ. ಬರೋವರೆಗೂ ನನ್ನ ಜೀವ ನನ್ನ ಕೈಲಿರಲ್ಲ. ಈಗಲೇ ಹೀಗೆ. ಮದುವೆ ಆದ್ಮೇಲೆ ಏನಾಗ್ಬೇಡ? ನನ್ನ ಕೈಲಿ ಆಗಲ್ಲ ರೀ.”

ಅವನು ವಾದ ಮಾಡಲಿಲ್ಲ. “ಸರಿ,” ಎಂದಷ್ಟೇ ಹೇಳಿ ಗೇರ್ ಹಾಕಿದ. ಮರುದಿನದಿಂದ ರಿಜಿಸ್ಟರನ್ನು ಕೆಳಗೇ ತರಿಸಿಕೊಂಡು ಸಹಿ ಮಾಡತೊಡಗಿದ. ಹದಿನೇಳು ದಿನ ಅವಳ ಬಾಗಿಲಲ್ಲಿ ಯಾರ ತಲೆಯೂ ತೂರಲಿಲ್ಲ. ಭಯ ಕಡಿಮೆಯಾದೀತೆಂದು ಅವಳು ಎಣಿಸಿದ್ದಳು. ಅದು ಮೊದಲಿನಷ್ಟೇ ಇತ್ತು. ಅದರ ಜೊತೆಗೆ ಇಡೀ ದಿನ ಯಾವ ಬದಿಯ ಕೆನ್ನೆಯೂ ಬಿಸಿಯಾಗದ ಒಂದು ಖಾಲಿತನ ಬಂದು ಕೂತಿತು.

ಹದಿನೆಂಟನೆಯ ದಿನ ಸೋಮವಾರ. ಹಿಂದಿನ ಎರಡು ದಿನಗಳಲ್ಲಿ ಹೊರಗಿನ ತಂಡವೊಂದು ಬಂದು ಸರ್ವರಿನ ಸಾಫ್ಟ್‌ವೇರನ್ನು ಹೊಸ ಆವೃತ್ತಿಗೆ ಏರಿಸಿ ಹೋಗಿತ್ತು. ಈಗ ಅದೇ ಮಹಡಿಯ ಆಂಬುಲೆನ್ಸ್ ಕಂಟ್ರೋಲ್ ರೂಮಿನ ಕಂಪ್ಯೂಟರುಗಳಿಗೂ ಹೊಸ ಸಿಸ್ಟಮ್ ಹಾಕಬೇಕಿತ್ತು. ಅಲ್ಲಿದ್ದದ್ದು ಆರು ಮೆಷಿನ್ನು. ಊರಿನ ತುರ್ತು ಕರೆಗಳೆಲ್ಲ ಬರುವುದು ಆ ಆರಕ್ಕೇ. ಯಾವ ಗಾಡಿ ಎಲ್ಲಿದೆ ಎಂದು ನಕ್ಷೆಯ ಮೇಲೆ ಹಸಿರು ಚುಕ್ಕೆಗಳಾಗಿ ಕಾಣುವುದೂ ಅವುಗಳಲ್ಲೇ.

“ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಕರೆ ಕಡಿಮೆ,” ಅಂದರು ಅವಳ ವಿಭಾಗದ ಹೆಡ್. ನಿವೃತ್ತಿಗೆ ಎರಡು ವರ್ಷವಿದ್ದ, ಫೋನನ್ನು ಕಿವಿಯಿಂದ ಇಳಿಸದ ಮನುಷ್ಯ. “ಎರಡು ಮೆಷಿನ್ ಬಿಟ್ಟು ಉಳಿದ ನಾಲ್ಕನ್ನೂ ಒಟ್ಟಿಗೆ ಮಾಡಿ ಮುಗಿಸಮ್ಮ. ಆಗುತ್ತಲ್ವಾ?”

ಒಂದನ್ನು ಮೊದಲು ಮಾಡಿ ನೋಡೋಣ ಸಾರ್ ಎಂದು ಅವಳು ಹೇಳಬೇಕಿತ್ತು. ಹತ್ತು ವರ್ಷದಿಂದ ಹೇಳುತ್ತ ಬಂದವಳು. ಆದರೆ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಡ್ಯೂಟಿ ಪಟ್ಟಿಯಿತ್ತು. ಏಳನೇ ನಂಬರ್ ಹತ್ತಕ್ಕೆ ಮೇಲೆ ಬಂದು ವರದಿ ಕೊಡಬೇಕು. ಅಷ್ಟರೊಳಗೆ ಮುಗಿಸಿ ಅಲ್ಲಿಂದ ಪಾರಾದರೆ ಸಾಕು ಎಂದಷ್ಟೇ ಅವಳ ತಲೆಯಲ್ಲಿದ್ದದ್ದು.

“ಆಗುತ್ತೆ ಸಾರ್,” ಅಂದಳು.

ಸರ್ವರಿನ ಪುಟ ತೆರೆದು ಬೂಟ್ ಇಮೇಜಿನ ಡ್ರೈವರ್ ಪಟ್ಟಿ ನೋಡಿದಳು. ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಇತ್ತು, ತಾನೇ ಸೇರಿಸಿದ್ದು. ಸರಿ ಎಂದುಕೊಂಡಳು. ರೋಗಿಗಳ ವಿವರ ಉಳಿಯಬಾರದೆಂಬ ನಿಯಮದಂತೆ ನಾಲ್ಕೂ ಮೆಷಿನ್ನುಗಳ ಡಿಸ್ಕ್ ಅಳಿಸಿದಳು. ನಾಲ್ಕನ್ನೂ ಒಟ್ಟಿಗೆ ಎಬ್ಬಿಸಿದಳು.

ಎಂಟೂ ನಲವತ್ತಕ್ಕೆ ನಾಲ್ಕು ಪರದೆಗಳಲ್ಲೂ ಪುಟ್ಟ ಸಿಸ್ಟಮ್ ಇಳಿಯಿತು. ಬಿಳಿ ಗೆರೆ ಓಡಿತು. ತಯಾರಾಗುತ್ತಿದೆ ಎಂಬ ಸಾಲು ಬಂತು. ಆಮೇಲೆ ಒಂದೊಂದಾಗಿ ನಾಲ್ಕೂ ಕಪ್ಪಗಾಗಿ, ಮತ್ತೆ ಮೊದಲಿನಿಂದ ಶುರುವಾದವು. ಮತ್ತೆ ಕಪ್ಪಗಾದವು.

ಅವಳು ಒಂದು ಮೆಷಿನ್ನಿನಲ್ಲಿ ಕಮಾಂಡ್ ಕಿಟಕಿ ತೆರೆದು, ನೆಟ್‌ವರ್ಕಿನಲ್ಲಿ ಅದರ ವಿಳಾಸ ಏನೆಂದು ಕೇಳಿದಳು. ಉತ್ತರ ಖಾಲಿ. ಮೆಷಿನ್ನಿಗೆ ತನಗೊಂದು ನೆಟ್‌ವರ್ಕ್ ಕಾರ್ಡ್ ಇದೆ ಎಂಬುದೇ ಗೊತ್ತಿರಲಿಲ್ಲ.

ಓಡಿಹೋಗಿ ಸರ್ವರಿನ ಪುಟ ಮತ್ತೆ ನೋಡಿದಳು. ಆಗ ಕಂಡಿತು. ಬೂಟ್ ಇಮೇಜುಗಳು ಎರಡಿದ್ದವು. ಹೆಸರು ಒಂದೇ, ಕೊನೆಯ ಒಂದು ಅಂಕಿ ಮಾತ್ರ ಬೇರೆ. ಅವಳು ನೋಡಿದ್ದು ಹಳೆಯದರ ಪಟ್ಟಿಯನ್ನು. ಆವೃತ್ತಿ ಏರಿದಾಗ ಸರ್ವರ್ ತನ್ನಷ್ಟಕ್ಕೆ ಹೊಸದೊಂದನ್ನು ಕಟ್ಟಿಕೊಂಡಿತ್ತು. ಅವಳು ಕೈಯಾರೆ ಸೇರಿಸಿದ್ದ ಡ್ರೈವರನ್ನು ಅದು ಕೊಂಡೊಯ್ದಿರಲಿಲ್ಲ. ಹೊಸದರ ಪಟ್ಟಿ ತೊಳೆದಿಟ್ಟ ಹಾಗೆ ಖಾಲಿಯಿತ್ತು. ಸೇರಿಸೋಣವೆಂದರೆ ಡ್ರೈವರಿನ ಮೂಲ ಫೋಲ್ಡರ್ ಸಿಗುತ್ತಿಲ್ಲ ಎಂದು ಸರ್ವರ್ ಹೇಳಿತು. ಹೊರಗಿನ ತಂಡದವರು ಹಳೆಯ ಡಿಸ್ಕನ್ನು ತೆಗೆದುಕೊಂಡು ಹೋಗಿದ್ದರು.

ಅಷ್ಟರಲ್ಲಿ ಕಂಟ್ರೋಲ್ ರೂಮಿನಲ್ಲಿ ಫೋನುಗಳು ಒಟ್ಟಿಗೆ ಬಡಿದುಕೊಳ್ಳತೊಡಗಿದವು.

ಬಟ್ಟೆ ಗೋದಾಮೊಂದಕ್ಕೆ ಬೆಂಕಿ ಬಿದ್ದಿತ್ತು. ಒಳಗೆ ಕೆಲಸದವರು. ಹೊಗೆ ಕುಡಿದವರು ಎಷ್ಟು ಮಂದಿಯೋ ಇನ್ನೂ ಲೆಕ್ಕವಿಲ್ಲ. ಎರಡೇ ಪರದೆ ಬೆಳಗುತ್ತಿದ್ದ ಆ ಕೋಣೆಯಲ್ಲಿ ಹಿರಿಯ ಆಪರೇಟರ್ ಒಂದರ ಮುಂದೆ ಕೂತಿದ್ದಳು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಉಳಿದವರು ಕರೆ ಕೇಳಿ ಚೀಟಿಯಲ್ಲಿ ಬರೆದು ಅಕ್ಕನ ಮುಂದೆ ಒಟ್ಟುತ್ತಿದ್ದರು. ಚೀಟಿ ಗುಡ್ಡೆಯಾಗುತ್ತಿತ್ತು.

“ಎಷ್ಟು ಹೊತ್ತು?” ಅಕ್ಕ ತಲೆಯೆತ್ತದೆ ಕೇಳಿದಳು.

“ಅಕ್ಕ, ನನ್ನ ತಪ್ಪು. ಟೆಸ್ಟ್ ಮಾಡದೆ—”

“ತಪ್ಪು ಒಪ್ಪು ಆಮೇಲೆ ನೋಡ್ಕೊಳ್ಳೋಣ. ಎಷ್ಟು ಹೊತ್ತು ಹೇಳು.”

ಆ ಡ್ರೈವರ್ ಈಗ ಇರುವುದು ಒಂದೇ ಕಡೆ. ಇನ್ನೂ ಓಡುತ್ತಿದ್ದ ಆ ಎರಡು ಮೆಷಿನ್ನುಗಳ ಹೊಟ್ಟೆಯಲ್ಲಿ. ಅವುಗಳಿಂದಲೇ ನಕಲು ತೆಗೆಯಬೇಕು. ತೆಗೆಯುವಾಗ ಅದೂ ಕೈಕೊಟ್ಟರೆ ಊರಿನ ಪಾಲಿಗೆ ಉಳಿಯುವುದು ಒಂದೇ ಪರದೆ.

“ಎರಡನೇ ಮೆಷಿನ್ನಲ್ಲಿ ಎರಡು ನಿಮಿಷ ಕೂರ್ಬೇಕು,” ಅಂದಳು. “ಆಮೇಲೆ ಒಂದು ಗಂಟೆ.”

ಅಕ್ಕ ಈಗ ತಲೆಯೆತ್ತಿ ನೋಡಿದಳು. “ಕೂತ್ಕೋ.”

ಆ ಮೆಷಿನ್ನಿನ ಆಪರೇಟರ್ ಎದ್ದು ಚೀಟಿ ಹಂಚಲು ಹೋದಳು. ಅವಳ ಜಾಗದಲ್ಲಿ ಇವಳು ಕೂತು ಕಮಾಂಡ್ ಬರೆದಳು. ಎರಡು ಸಲ ತಪ್ಪಾಯಿತು. ಮೂರನೆಯ ಸಲ ಕಪ್ಪು ಕಿಟಕಿಯಲ್ಲಿ ಸಾಲುಗಳು ಓಡತೊಡಗಿದವು. ಅದರ ಹಿಂದೆ ನಕ್ಷೆ, ನಕ್ಷೆಯಲ್ಲಿ ಹಸಿರು ಚುಕ್ಕೆಗಳು. ಮೆಷಿನ್ ಒಂದು ಕ್ಷಣ ಹೆಪ್ಪುಗಟ್ಟಿತು. ಮತ್ತೆ ಓಡಿತು.

ಆಗ ಆ ಮೇಜಿನ ಫೋನಿನ ದೀಪ ಹೊತ್ತಿಕೊಂಡಿತು. ಮಿನುಗುತ್ತಿದ್ದದ್ದು ಏಳು.

ಸುತ್ತ ನೋಡಿದಳು. ಎಲ್ಲರ ಕಿವಿಯಲ್ಲೂ ಒಂದೊಂದು ಕರೆ. ಅಕ್ಕ ಯಾರಿಗೋ, “ಒದ್ದೆ ಬಟ್ಟೆ ಮೂಗಿಗೆ ಹಿಡೀರಿ, ನೆಲಕ್ಕೆ ಮಲಗಿ,” ಎನ್ನುತ್ತಿದ್ದಳು. ಇವಳೇ ಹೆಡ್‌ಫೋನ್ ಹಾಕಿಕೊಂಡಳು.

“ಕಂಟ್ರೋಲ್, ಏಳು,” ಅವನ ದನಿ. ಹಿಂದೆ ಸೈರನ್ನು, ಯಾರದೋ ಕೆಮ್ಮು. “ಒಬ್ಬ ಹೆಂಗಸು ಇದಾರೆ, ಉಸಿರು ಸಿಗ್ತಿಲ್ಲ. ಮೇನ್ ರೋಡಲ್ಲಿ ಬೆಂಕಿ ಆರಿಸೋ ಗಾಡಿಗಳು ಅಡ್ಡ ನಿಂತಿವೆ. ಯಾವ ಕಡೆ ಹೋಗ್ಲಿ?”

ಅವಳು ನಕ್ಷೆಯಲ್ಲಿ ಏಳನೆಯ ಚುಕ್ಕೆಯನ್ನು ಹುಡುಕಿದಳು.

“ಕಂಟ್ರೋಲ್? ಯಾರಾದ್ರೂ ಇದೀರಾ?”

“ಇದೀನಿ,” ಅಂದಳು.

“ನೀವಾ?”

“ನಾನೇ. ಇರಿ, ನಕ್ಷೆ ನೋಡ್ತಿದೀನಿ.” ಕಣ್ಣು ಮಂಜಾಯಿತು, ಒರೆಸಿಕೊಂಡಳು. ಮುಖ್ಯ ರಸ್ತೆಯೆಲ್ಲ ಕೆಂಪು. ಅದರ ಎಡಕ್ಕೆ ತೆಳ್ಳನೆಯ ಒಂದು ಗೆರೆ. “ಮುಂದೆ ಶಾಲೆ ಕಾಣ್ತಿದೆಯಾ? ಅದರ ಕಾಂಪೌಂಡ್ ಪಕ್ಕ ಎಡಕ್ಕೆ ಒಂದು ದಾರಿ ಇದೆ. ಹಳೇ ಸೇತುವೆ ಮೇಲೆ ಹೋಗಿ ನೀರಿನ ಟ್ಯಾಂಕ್ ಹತ್ರ ಸೇರುತ್ತೆ.”

“ಗಾಡಿ ಹಿಡಿಸುತ್ತಾ?”

ಅದು ಅವಳಿಗೆ ಗೊತ್ತಿರಲಿಲ್ಲ. ನಕ್ಷೆ ಅಗಲ ಹೇಳುವುದಿಲ್ಲ. ಹಿಂದೆ ಆ ಹೆಂಗಸಿನ ಕೆಮ್ಮು ನಿಂತು, ಗೊರಗೊರ ಎನ್ನುವ ಸದ್ದಾಯಿತು.

“ಬೇರೆ ದಾರಿ ಇಲ್ಲ. ತಿರುಗು, ಎಡಕ್ಕೆ ತಿರುಗು,” ಅಂದಳು. ಬಹುವಚನ ಬಿಟ್ಟುಹೋದದ್ದು ಅವಳಿಗೆ ಆಮೇಲೆ ಹೊಳೆಯಿತು.

“ತಿರುಗಿದೆ,” ಅಂದ. ಲೈನು ಹೋಯಿತು.

ಕಪ್ಪು ಕಿಟಕಿಯಲ್ಲಿ ಕೆಲಸ ಮುಗಿದಿತ್ತು. ಫೈಲು ಸಿಕ್ಕಿತ್ತು. ಅವಳು ಆಪರೇಟರಿಗೆ ಕುರ್ಚಿ ಬಿಟ್ಟುಕೊಟ್ಟು ಸರ್ವರ್ ಕೋಣೆಗೆ ಓಡಿದಳು. ಹೊಸ ಬೂಟ್ ಇಮೇಜಿಗೆ ಡ್ರೈವರ್ ಸೇರಿಸಿ, ಅಂಕಿಯನ್ನು ಬೆರಳಿಟ್ಟು ಓದಿ, ಮತ್ತೆ ಓದಿ, ಇಮೇಜನ್ನು ಮರುಕಟ್ಟಲು ಹೇಳಿದಳು. ನೂರಕ್ಕೆ ಹತ್ತು. ನೂರಕ್ಕೆ ಹದಿನೈದು. ಇನ್ನು ಮಾಡುವುದೇನೂ ಇರಲಿಲ್ಲ. ಅದೇ ಎಲ್ಲಕ್ಕಿಂತ ಕಷ್ಟ.

ಹೆಡ್ ಬಾಗಿಲಲ್ಲಿ ನಿಂತಿದ್ದರು. ಕಿವಿಯಲ್ಲಿ ಫೋನಿರಲಿಲ್ಲ. “ಮೇಲಿನೋರು ಕೇಳ್ತಿದಾರೆ. ಏನು ಹೇಳ್ಲಿ?”

“ನನ್ನ ತಪ್ಪು ಅಂತ ಹೇಳಿ ಸಾರ್. ಒಂದನ್ನ ಟೆಸ್ಟ್ ಮಾಡದೆ ನಾಲ್ಕಕ್ಕೂ ಕೈ ಹಾಕಿದೆ.”

ಅವರು ಕನ್ನಡಕ ತೆಗೆದು ಒರೆಸಿದರು. “ನಾಲ್ಕೂ ಒಟ್ಟಿಗೆ ಅಂದಿದ್ದು ನಾನು. ಅದನ್ನೂ ಹೇಳ್ತೀನಿ,” ಅಂದರು.

ನೂರಾದಾಗ ಇಪ್ಪತ್ತೆರಡು ನಿಮಿಷ ಕಳೆದಿತ್ತು. ಅವಳು ಕಂಟ್ರೋಲ್ ರೂಮಿಗೆ ಬಂದು, ಈ ಸಲ ಒಂದೇ ಒಂದು ಮೆಷಿನ್ನನ್ನು ಎಬ್ಬಿಸಿದಳು. ಬಿಳಿ ಗೆರೆ. ಕಪ್ಪು. ಕಾಯುವಿಕೆ. ಪರದೆಯ ಮೂಲೆಯಲ್ಲಿ ಸಣ್ಣ ಅಂಕಿಗಳ ಒಂದು ಸಾಲು ಮೂಡಿತು. ಮೆಷಿನ್ನಿಗೆ ವಿಳಾಸ ಸಿಕ್ಕಿತ್ತು. ದೊಡ್ಡ ಸಿಸ್ಟಮ್ ಇಳಿಯತೊಡಗಿತು.

“ಬಂತು ಅಕ್ಕ,” ಅಂದಳು. ಗೆದ್ದ ದನಿ ಬರಬೇಕಿತ್ತು, ಅಳುವ ದನಿ ಬಂತು.

ಆಗಲೇ ಅವಳ ಕಣ್ಣು ಅಕ್ಕನ ನಕ್ಷೆಯ ಮೇಲೆ ಹೋಯಿತು. ಏಳನೆಯ ಚುಕ್ಕೆ ಹಳೆಯ ಸೇತುವೆಯ ಮೇಲಿತ್ತು.

“ಅಕ್ಕ, ಏಳು ಅಲ್ಲೇ ಯಾಕಿದೆ?”

ಅಕ್ಕ ಒಂದು ಚೀಟಿ ಮುಗಿಸಿ ಇನ್ನೊಂದು ಎತ್ತಿಕೊಳ್ಳುತ್ತ ನೋಡಿದಳು. “ನಿಂತು ಆಗಲೇ ಹದಿನೈದು ನಿಮಿಷ ಆಯ್ತು. ವೈರ್‌ಲೆಸ್ ಎತ್ತುತ್ತಿಲ್ಲ. ಫೋನೂ ಎತ್ತುತ್ತಿಲ್ಲ. ಯಾವುದಾದ್ರೂ ಗಾಡಿ ಕೈಗೆ ಸಿಕ್ಕಿದ್ರೆ ಕಳಿಸ್ತೀನಿ. ಎಲ್ಲಾ ಬೆಂಕಿ ಹತ್ರಾನೇ ಇವೆ.”

ಆ ದಾರಿ ತೋರಿಸಿದ್ದು ಅವಳು. ಗಾಡಿ ಹಿಡಿಸುತ್ತಾ ಎಂದು ಅವನು ಕೇಳಿದ್ದ. ಗೊತ್ತಿಲ್ಲದೆ ತಿರುಗು ಎಂದಿದ್ದಳು. ಸೇತುವೆ ಕುಸಿದಿರಬಹುದು. ಗಾಡಿ ನೀರಿಗೆ ಬಿದ್ದಿರಬಹುದು. ಆ ಹೆಂಗಸು ಉಸಿರಿಗೆ ಒದ್ದಾಡುತ್ತ… ಅವಳು ಮೇಜಿನ ಅಂಚು ಹಿಡಿದುಕೊಂಡಳು.

ಓಡಿಹೋಗಬೇಕೆನ್ನಿಸಿತು. ಕಾಲು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟೂ ಬಿಟ್ಟಿದ್ದವು. ಇನ್ನೂ ಮೂರು ಪರದೆ ಕಪ್ಪಗಿದ್ದವು. ಅಕ್ಕನ ಮುಂದೆ ಚೀಟಿಗಳ ಗುಡ್ಡೆ. ಒಂದೊಂದು ಚೀಟಿಯ ಹಿಂದೆಯೂ ಯಾರದೋ ಮನೆಯವರು ಅವಳ ಹಾಗೆಯೇ ಎದೆ ಹಿಡಿದುಕೊಂಡು ನಿಂತಿರುತ್ತಾರೆ. ಅವಳು ತಿರುಗಿ ಬಂದಳು. ಎರಡನೆಯದನ್ನು ಎಬ್ಬಿಸಿದಳು. ಮೂರನೆಯದನ್ನು. ನಾಲ್ಕನೆಯದನ್ನು. ಒಂದೊಂದಕ್ಕೂ ವಿಳಾಸ ಬರುವವರೆಗೆ ಎದುರು ನಿಂತು ಕಾದಳು. ನಡುನಡುವೆ ಕತ್ತು ತಿರುಗಿಸಿ ನೋಡಿದಳು. ಚುಕ್ಕೆ ಕದಲಿರಲಿಲ್ಲ.

ನಾಲ್ಕೂ ಇಳಿಯತೊಡಗಿದ ಮೇಲೆ ಅಕ್ಕ ಅವಳ ಭುಜ ಹಿಡಿದು ತಿರುಗಿಸಿದಳು. “ಇನ್ನು ನಾನು ನೋಡ್ಕೋತೀನಿ. ಗೇಟ್ ಹತ್ರ ಹೋಗು.”

“ನಿಮಗೆ ಹೇಗೆ—”

“ಇಡೀ ಮಹಡಿಗೇ ಗೊತ್ತು, ಹೋಗೇ ಮಾರಾಯ್ತಿ.”

ಲಿಫ್ಟಿಗೆ ಕಾಯದೆ ಮೂರು ಮಹಡಿ ಇಳಿದಳು. ತುರ್ತು ವಿಭಾಗದ ಗೇಟಿನಲ್ಲಿ ಗಾಡಿಗಳು ಒಂದರ ಹಿಂದೊಂದು ಬರುತ್ತಿದ್ದವು. ಎರಡು. ಐದು. ಮತ್ತೆ ಎರಡು. ಬಾಗಿಲು ತೆರೆದು, ಸ್ಟ್ರೆಚರ್ ಇಳಿಸಿ, ತೊಳೆಯುವುದಕ್ಕೂ ನಿಲ್ಲದೆ ವಾಪಸು ಓಡುತ್ತಿದ್ದವು. ಹೊಗೆಯ ವಾಸನೆ ಆವರಣವನ್ನೆಲ್ಲ ತುಂಬಿತ್ತು. ಅವಳು ಕಂಬಕ್ಕೊರಗಿ ನಿಂತು ಪ್ರತಿ ಗಾಡಿಯ ಬೆನ್ನನ್ನೂ ಓದಿದಳು. ಏಳು ಬರಲಿಲ್ಲ.

ಮೂರನೇ ನಂಬರ್ ಬಂತು. ಅವಳು ಮುಖ ತಿರುಗಿಸಿದಳು.

“ದಾರಿ ಬಿಡಿ, ದಾರಿ ಬಿಡಿ!”

ಆ ದನಿಗೆ ಅವಳ ಮೈ ಝುಮ್ಮೆಂದಿತು. ಮೂರನೇ ನಂಬರಿನ ಹಿಂಬಾಗಿಲಿಂದ ಅವನು ಇಳಿಯುತ್ತಿದ್ದ. ಮುಖವೆಲ್ಲ ಮಸಿ. ಒಂದು ಕೈ ಹೆಂಗಸೊಬ್ಬಳ ಮುಖದ ಮೇಲಿನ ಮಾಸ್ಕನ್ನು ಒತ್ತಿ ಹಿಡಿದಿತ್ತು. ಇನ್ನೊಂದು ಕೈ ಗಾಳಿಯ ಚೀಲವನ್ನು ಹಿಸುಕುತ್ತಿತ್ತು, ಬಿಡುತ್ತಿತ್ತು, ಹಿಸುಕುತ್ತಿತ್ತು. ಹಾಗೇ ಸ್ಟ್ರೆಚರಿನ ಜೊತೆ ಓಡಿ, ಒಳಗಿನ ನರ್ಸೊಬ್ಬಳು ಚೀಲವನ್ನು ಅವನ ಕೈಯಿಂದ ತೆಗೆದುಕೊಳ್ಳುವವರೆಗೆ ಅವನು ಬೆರಳು ಸಡಿಲಿಸಲಿಲ್ಲ.

ಆಮೇಲೆ ಹೊರಗೆ ಬಂದು ಗೋಡೆಗೆ ಬೆನ್ನು ಕೊಟ್ಟು, ಮೆಲ್ಲನೆ ಜಾರಿ ನೆಲದ ಮೇಲೆ ಕೂತ.

ಅವಳು ಅವನೆದುರು ಹೋಗಿ ನಿಂತಳು. ಮಾತಿಗಿಂತ ಮೊದಲು ಕಣ್ಣೀರು ಬಂತು.

“ಸೇತುವೆ ಮೇಲೆ ನಿಂತಿತ್ತಲ್ಲ,” ಅಂದಳು.

“ಟೈರ್ ಸಿಡೀತು. ಕಲ್ಲು ತಾಗಿ. ಎದುರಿಂದ ಮೂರನೇ ನಂಬರ್ ಅದೇ ದಾರೀಲಿ ಖಾಲಿ ಬರ್ತಿತ್ತು, ಅದಕ್ಕೆ ಹಾಕ್ಕೊಂಡ್ವಿ. ಆ ಕಿರಿದಾದ ದಾರೀಲಿ ಗಾಡಿ ತಿರುಗಿಸಿ ಹೊರಡೋಕೇ ಹೊತ್ತಾಯ್ತು. ನಮ್ಮ ಗಾಡಿ ಅಲ್ಲೇ ಇದೆ.” ತನ್ನ ಅಂಗೈಗಳನ್ನು ತೋರಿಸಿದ. “ಫೋನ್ ಎತ್ತೋಕೆ ಕೈ ಖಾಲಿ ಇರ್ಲಿಲ್ಲ.”

“ಅವರು?”

“ಉಸಿರಾಡ್ತಿದಾರೆ. ಮೇನ್ ರೋಡಲ್ಲೇ ಇದ್ದಿದ್ರೆ ಇನ್ನೂ ಅಲ್ಲೇ ಇರ್ತಿದ್ವಿ.”

ಅವಳು ಅವನ ಪಕ್ಕದಲ್ಲಿ ನೆಲದ ಮೇಲೇ ಕೂತಳು. ಜನ ಓಡಾಡುತ್ತಿದ್ದರು. ಯಾರಿಗೂ ಇವರ ಕಡೆ ನೋಡಲು ಪುರುಸೊತ್ತಿರಲಿಲ್ಲ.

“ನಾಲ್ಕು ಮೆಷಿನ್ ಕೆಡಿಸಿದ್ದು ನಾನು,” ಅಂದಳು. “ನೀವು ಹತ್ತಕ್ಕೆ ಮೇಲೆ ಬರ್ತೀರಿ ಅಂತ ಆತುರ ಮಾಡ್ದೆ. ನಿಮ್ಮ ಮುಖ ನೋಡೋಕೆ ಧೈರ್ಯ ಇರ್ಲಿಲ್ಲ. ಯಾರಿಗಾದ್ರೂ ಏನಾದ್ರೂ ಆಗಿದ್ರೆ…”

ಅವನು ಸಮಾಧಾನದ ಮಾತು ಹೇಳಲಿಲ್ಲ. “ಸರಿ ಮಾಡಿದ್ರಾ?” ಎಂದು ಕೇಳಿದ.

“ಮಾಡ್ದೆ. ನಾಲ್ಕೂ ಬಂದ್ವು. ಆಮೇಲೇ ಇಳಿದು ಬಂದೆ.”

ಅವನ ಮಸಿ ಮೆತ್ತಿದ ಕೈ ಅವಳ ಕೈಯ ಪಕ್ಕದಲ್ಲಿತ್ತು. ಅದು ನಡುಗುತ್ತಿರುವುದನ್ನು ಅವಳು ಆಗ ಗಮನಿಸಿದಳು.

“ನಡುಗ್ತಿದೀರಿ.”

“ದಿನಾ ನಡುಗ್ತೀನಿ. ಇಳಿಸಿ ಆದ್ಮೇಲೆ. ಹೊರಡೋವಾಗಲೂ ಹೊಟ್ಟೆಯೊಳಗೆ ಒಂಥರಾ ಆಗುತ್ತೆ. ಎಂಟು ವರ್ಷ ಆಯ್ತು, ಒಂದು ದಿನವೂ ತಪ್ಪಿಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. ಕೀಗೊಂಚಲು ಆಡಿಸುತ್ತ, ನಗುತ್ತ ಬಾಗಿಲಲ್ಲಿ ತಲೆ ತೂರಿಸುತ್ತಿದ್ದವನು ಈ ಭಯವನ್ನು ಎಲ್ಲಿ ಇಟ್ಟುಕೊಂಡಿರುತ್ತಿದ್ದ?

“ಅವತ್ತು ಸಿಗ್ನಲಲ್ಲಿ ಯಾಕೆ ಹೇಳ್ಲಿಲ್ಲ?”

“ನನಗೂ ಭಯ ಅಂದ್ರೆ ಇನ್ನೂ ಹೆದರ್ತೀರಿ ಅಂದ್ಕೊಂಡೆ.”

“ಹದಿನೇಳು ದಿನ ದೂರ ಇದ್ದು ನೋಡ್ದೆ,” ಅಂದಳು. “ಒಂದು ಚೂರೂ ಕಡಿಮೆ ಆಗ್ಲಿಲ್ಲ. ದೂರ ಇದ್ರೂ ಭಯ, ಹತ್ರ ಇದ್ರೂ ಭಯ. ಮತ್ತೆ ದೂರ ಯಾಕಿರ್ಬೇಕು?” ಅವಳು ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಎರಡೂ ನಡುಗುತ್ತಿದ್ದವು. “ಮನೆಗೆ ಬಾ. ಅಮ್ಮನ ಹತ್ರ ಮಾತಾಡು.”

ಅವನು ಬೆರಳುಗಳನ್ನು ಮೆಲ್ಲನೆ ತಿರುಗಿಸಿ ಅವಳ ಬೆರಳುಗಳ ನಡುವೆ ಸೇರಿಸಿದ. ಮಸಿಯೆಲ್ಲ ಅವಳ ಅಂಗೈಗೆ ಹತ್ತಿತು.

ವಿಚಾರಣೆಯಾಯಿತು. ಅವಳು ಏನನ್ನೂ ಮುಚ್ಚಿಡದೆ ಬರೆದುಕೊಟ್ಟಳು. ಡ್ರೈವರುಗಳನ್ನೆಲ್ಲ ಬೇರೆಯೇ ಒಂದು ಕಡೆ ಜೋಪಾನ ಮಾಡಬೇಕು. ಆವೃತ್ತಿ ಏರಿದ ಪ್ರತಿ ಸಲವೂ ಹೊಸ ಬೂಟ್ ಇಮೇಜಿಗೆ ಅವನ್ನು ಮತ್ತೆ ಸೇರಿಸಬೇಕು. ಯಾರು ಎಷ್ಟೇ ಅವಸರ ಮಾಡಿದರೂ ಮೊದಲು ಒಂದು ಮೆಷಿನ್ನಿನ ಮೇಲೆ ನೋಡಬೇಕು. ಆ ದಿನ ಕರೆ ತಡವಾಗಿ ಯಾರ ಪ್ರಾಣವೂ ಹೋಗಿರಲಿಲ್ಲ. ಅವಳಿಗೆ ಎಚ್ಚರಿಕೆಯ ಪತ್ರ ಬಂತು. ಹೆಡ್‌ಗೂ ಒಂದು ಬಂತು. ತನ್ನದನ್ನು ಅವಳು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು.

ಭಾನುವಾರ ಅವನು ಮನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಕುರ್ಚಿಯ ತುದಿಯಲ್ಲಿ ಕೂತ ರೀತಿ ನೋಡಿದರೆ ಪರೀಕ್ಷೆಗೆ ಬಂದವನಂತಿದ್ದ. ಅಮ್ಮ ಅವನನ್ನು ತಲೆಯಿಂದ ಕಾಲವರೆಗೆ ನೋಡಿದರು.

“ಎಷ್ಟು ಸ್ಪೀಡಲ್ಲಿ ಓಡಿಸ್ತೀರಪ್ಪ?”

“ಅಮ್ಮ!” ಅಂದಳು ಮಗಳು.

“ನೀನು ಸುಮ್ನಿರೇ. ಹೇಳಿ.”

“ರೋಗಿ ಇದ್ರೆ ಜೋರಾಗೇ ಓಡಿಸ್ತೀನಿ ಅಮ್ಮ,” ಅಂದ. ಸುಳ್ಳು ಹೇಳುವ ಆಸೆ ಅವನ ಮುಖದಲ್ಲಿ ಬಂದು ಹೋದದ್ದು ಅವಳಿಗೆ ಕಂಡಿತು. “ನಿಧಾನ ಹೋಗ್ತೀನಿ ಅಂತ ನಿಮಗೆ ಮಾತು ಕೊಡೋಕಾಗಲ್ಲ.”

ಅಮ್ಮ ಎದ್ದು ಅಡುಗೆಮನೆಗೆ ಹೋದರು. ಗ್ಯಾಸಿನ ತಿರುಪು ಜಗ್ಗಿ ನೋಡಿದ ಸದ್ದು ಕೇಳಿಸಿತು. ಅವನು ಅವಳನ್ನು ನೋಡಿದ, ಹುಬ್ಬೆತ್ತಿ ಏನಾಗುತ್ತದೆ ಎಂದು ಕೇಳಿದ. ಗೊತ್ತಿಲ್ಲ ಎಂದು ಅವಳು ತುಟಿಯಲ್ಲೇ ಹೇಳಿದಳು.

ಅಮ್ಮ ಟೀ ತಂದು ಅವನ ಮುಂದಿಟ್ಟರು. “ಹೊರಡೋವಾಗ ಹೇಳ್ಬೇಡ. ನನಗೆ ತಡ್ಕೊಳ್ಳೋಕಾಗಲ್ಲ. ಬಂದು ಸೇರಿದ ಮೇಲೆ ಒಂದು ಫೋನ್ ಮಾಡು, ಅಷ್ಟು ಸಾಕು,” ಅಂದರು. ನೀವು ಹೋಗಿ ನೀನು ಬಂದಿತ್ತು.

ಮರುದಿನ ಸಂಜೆ ಏಳನೇ ನಂಬರ್ ಸೈರನ್ ಹಾಕಿಕೊಂಡು ಹೋದಾಗ ಅವಳ ಬೆರಳು ಎಂದಿನಂತೆ ಕೀಬೋರ್ಡಿನ ಮೇಲೆ ನಿಂತವು. ಅರ್ಧ ಗಂಟೆಯಾಯಿತು. ಮುಕ್ಕಾಲು ಗಂಟೆಯಾಯಿತು. ಅವಳು ಫೋನನ್ನು ಎತ್ತಿ ನೋಡಿ ಇಟ್ಟಳು, ಮತ್ತೆ ಎತ್ತಿದಳು.

ಅದು ಕೈಯಲ್ಲೇ ಗುಣುಗುಟ್ಟಿತು. ಅಮ್ಮ.

“ಬಂದು ಸೇರಿದನಂತೆ ಕಣೇ,” ಅಂದರು ಅಮ್ಮ. “ಈಗಷ್ಟೇ ಫೋನ್ ಮಾಡಿದ್ದ. ನಿಂಗೆ ಮಾಡೋಷ್ಟರಲ್ಲಿ ಇನ್ನೊಂದು ಕರೆ ಬಂತಂತೆ. ನಿಂಗೆ ಹೇಳಿ ಅಂದ.”